ಮುಗಿಯದ ಫೆಬ್ರವರಿಯಲ್ಲಿ ಬ್ಯಾಂಕಿನ ಶೇರು

ಬ್ಯಾಡಗಿ
ಫೆಬ್ರವರಿ ೩೯, ೨೧೭೧

ಶ್ರೀಮತಿ ವಿಶಾಲಾಕ್ಷಿ ಮೋಟೆಬೆನ್ನೂರ ಅವರಿಗೆ, ಐದು ತಲೆಮಾರು ಕೆಳಗಿನಿಂದ ಸಂಗವ್ವ ಮಾಡುವ ನಮಸ್ಕಾರಗಳು.

ಮೇಲಿನ ದಿನಾಂಕ ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಕನ್ನಡಕ ಸರಿಯಾಗಿದೆ, ಕೆಟ್ಟಿರುವುದು ನಮ್ಮ ಕ್ಯಾಲೆಂಡರು. ಫೆಬ್ರವರಿ ಮುಗಿಯುವುದರೊಳಗೆ ಬಜೆಟ್ಟು ಪಾಸಾಗಬೇಕು, ಆಗದಿದ್ದರೆ ಸರಕಾರ ಮನೆಗೆ ಹೋಗಬೇಕು ಎಂಬ ಕಾನೂನು ನಮ್ಮಲ್ಲಿದೆ. ಈಗಿನ ಹದಿಮೂರು ಪಕ್ಷಗಳ ಸರಕಾರಕ್ಕೆ ಬಜೆಟ್ಟು ಪಾಸು ಮಾಡಿಸುವಷ್ಟು ಕೈಗಳೂ ಇರಲಿಲ್ಲ, ಮನೆಗೆ ಹೋಗಲು ಕಾಲುಗಳೂ ಬರಲಿಲ್ಲ. ಆದ್ದರಿಂದ ಅದು ಫೆಬ್ರವರಿಯನ್ನೇ ಮುಗಿಯದಂತೆ ತಡೆಹಿಡಿದು ಆದೇಶ ಹೊರಡಿಸಿತು. ಮಾರ್ಚ್ ತಿಂಗಳು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದೆ. ಚಂದ್ರ ಮಾತ್ರ ಸರಕಾರಿ ಆದೇಶ ಓದುವುದಿಲ್ಲವಾದ್ದರಿಂದ ಹೋಳಿ ಹುಣ್ಣಿಮೆ ತನ್ನ ಹೊತ್ತಿಗೆ ಬಂತು. ಊರೆಲ್ಲ ಲಬೋ ಲಬೋ ಎಂದು ಬಾಯಿ ಬಡಿದುಕೊಂಡಿತು. ಹಬ್ಬಕ್ಕೆಂದು ಬಡಿದುಕೊಂಡವರು ಯಾರು, ಶೇರಿನ ದರ ನೋಡಿ ಬಡಿದುಕೊಂಡವರು ಯಾರು ಎಂದು ಗುರುತಿಸುವುದು ಮಾತ್ರ ಈ ಸಲ ಕಷ್ಟವಾಯಿತು.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ. ನೀವು ನನ್ನ ಅಜ್ಜಿಯ ಅಜ್ಜಿಯ ತಾಯಿ. ಆದರೆ ಈ ಪತ್ರ ತಲುಪುವ ಹೊತ್ತಿಗೆ ನಿಮಗಿನ್ನೂ ನಲವತ್ತು, ನನಗೆ ಐವತ್ತೆಂಟು. ಬುದ್ಧಿ ಹೇಳುವ ವಯಸ್ಸು ನನ್ನದು, ಗೌರವ ಕೊಡಿಸಿಕೊಳ್ಳುವ ಹಿರಿತನ ನಿಮ್ಮದು. ಹೀಗಾಗಿ ‘ನೀವು’ ಎನ್ನುತ್ತಲೇ ಸ್ವಲ್ಪ ಗದರಿಸುತ್ತೇನೆ. ಪತ್ರ ತರುವುದು ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದರಲ್ಲಿ ಶೇರಿನ ದರ ಬರೆಯುವಂತಿಲ್ಲ, ಚುನಾವಣೆಯಲ್ಲಿ ಗೆದ್ದವರ ಹೆಸರೂ ಬರೆಯುವಂತಿಲ್ಲ. ಬರೆದರೆ ದಾರಿಯಲ್ಲೇ ಒರೆಸಿಹಾಕುತ್ತಾರೆ. ದಿನಾಂಕವನ್ನು ಮಾತ್ರ ಬಿಡುತ್ತಾರೆ, ಹೇಗೂ ಯಾರೂ ನಂಬುವುದಿಲ್ಲವೆಂದು. ಆದ್ದರಿಂದ ‘ಯಾವುದನ್ನು ಕೊಂಡರೆ ಲಾಭ’ ಎಂದು ಪತ್ರದ ಕೊನೆಯ ಸಾಲಿಗೆ ಹಾರಬೇಡಿ. ನೀವು ಹಾರುವವರೇ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ನೀವು ಈಗ ಏನು ಮಾಡುತ್ತಿದ್ದೀರಿ ಎಂಬುದೂ ಗೊತ್ತು. ಕೆಂಪುರಾಶಿ ಬ್ಯಾಂಕಿನ ಶೇರುಗಳನ್ನು ಮಾರಿಬಿಡಲೇ ಎಂದು ಯೋಚಿಸುತ್ತಿದ್ದೀರಿ. ಟೀವಿಯಲ್ಲಿ ಎಲ್ಲೋ ಯುದ್ಧ, ಇನ್ನೆಲ್ಲೋ ಸರಕಾರ ಅಲ್ಲಾಡುತ್ತಿದೆ, ರೂಪಾಯಿಗೆ ಮೈ ಹುಷಾರಿಲ್ಲ. ಅವೇ ಶೇರುಗಳು ಕೈಯಿಂದ ಕೈಗೆ ಇಳಿದು ನನ್ನ ಹತ್ತಿರ ಬಂದಿವೆ. ಅವನ್ನು ಮಾರಬೇಕೋ ಬೇಡವೋ ಎಂದು ಈ ವಾರ ನಾನೂ ನಿರ್ಧರಿಸಬೇಕಿತ್ತು. ಅದಕ್ಕೇ ಈ ಪತ್ರ.

ತಿಂಗಳು ಮುಗಿಯದಿದ್ದರೆ ಏನೇನಾಗುತ್ತದೆ ಎಂದು ನಿಮಗೆ ಹೊಳೆಯಲಿಕ್ಕಿಲ್ಲ, ನಮಗೂ ಹೊಳೆದಿರಲಿಲ್ಲ. ನನ್ನ ಯಜಮಾನರು ಬಸವಂತ ಸರಕಾರಿ ಶಾಲೆಯ ಮೇಷ್ಟ್ರು. ಸಂಬಳ ತಿಂಗಳ ಕೊನೆಗೆ, ಕೊನೆಯೇ ಇಲ್ಲ. ಬಾಡಿಗೆದಾರರು ‘ಒಂದನೇ ತಾರೀಖಿಗೆ ಕೊಡ್ತೀವಿ’ ಎಂದು ನಗುನಗುತ್ತ ಹೇಳುತ್ತಾರೆ. ಸಾಲ ತೆಗೆದವರ ಕಂತೂ ತಿಂಗಳ ಕೊನೆಗೇ. ಕಟ್ಟದಿದ್ದರೆ ಕಾನೂನಿನ ಪ್ರಕಾರ ತಪ್ಪೇನಿಲ್ಲ. ಇದು ಶೇರುಪೇಟೆಗೆ ಅರ್ಥವಾದ ಗಳಿಗೆಯಿಂದ ಬ್ಯಾಂಕಿನ ಶೇರುಗಳು ಮೆಟ್ಟಿಲಲ್ಲಿ ಕೈಜಾರಿದ ತಂಬಿಗೆಯಂತೆ ಸದ್ದು ಮಾಡುತ್ತ ಇಳಿಯುತ್ತಿವೆ. ರೂಪಾಯಿ ಬಿತ್ತು, ಶೇರು ಬಿತ್ತು, ನಮ್ಮೂರಿನವರು ಮಾತ್ರ ಬಿತ್ತುವುದನ್ನು ಬಿಡಲಿಲ್ಲ. ಈಗ ಇಲ್ಲಿ ಮನೆಮನೆಯ ತಾರಸಿಯ ಮೇಲೂ ಮೆಣಸಿನಕಾಯಿ ಬೆಳೆಯುತ್ತದೆ. ಅದಕ್ಕೆ ಚಾವಣಿಹೊಲ ಎನ್ನುತ್ತೇವೆ. ವರ್ಷಕ್ಕೆ ಎರಡು ಬೆಳೆ. ಫೆಬ್ರವರಿ ಕೊಯ್ಲಿನ ತಿಂಗಳು, ಊರಿಗೆ ಊರೇ ಸೀನುವ ತಿಂಗಳು. ಅದು ಮುಗಿಯದೆ ನಮ್ಮ ಸೀನೂ ಮುಗಿದಿಲ್ಲ.

ಇನ್ನು ಕಾರಣಕಟ್ಟೆಯ ವಿಷಯ. ನಿಮ್ಮ ಕಾಲದಲ್ಲಿ ಶೇರು ಮಾರಲು ಒಂದು ಬೆರಳು ಸಾಕಂತೆ, ಹಾಸಿಗೆಯಲ್ಲಿ ಮಲಗಿಕೊಂಡೇ ಮಾರುತ್ತಿದ್ದಿರಂತೆ. ಆ ಬೆರಳುಗಳಿಂದ ಎಷ್ಟೋ ಒಳ್ಳೆಯ ಬ್ಯಾಂಕುಗಳೂ ಕುಸಿದ ಮೇಲೆ ನಮ್ಮ ಹಿರಿಯರು ಒಂದು ಪದ್ಧತಿ ತಂದರು. ಬ್ಯಾಂಕಿನ ಶೇರು ಮಾರುವವರು ಖುದ್ದಾಗಿ ಬ್ಯಾಂಕಿಗೆ ಬರಬೇಕು. ಕೌಂಟರಿನ ಎದುರಿನ ಕಟ್ಟೆಯ ಮೇಲೆ ನಿಂತು, ಅಲ್ಲಿರುವ ಠೇವಣಿದಾರರ ಮುಂದೆ, ಯಾಕೆ ಮಾರುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಕಾರಣ ಯಾವುದಿದ್ದರೂ ನಡೆಯುತ್ತದೆ, ಆದರೆ ಅದು ಸ್ವಂತದ್ದಾಗಿರಬೇಕು. ಆ ದಿನ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಅದು ಎಂಜಲು ಕಾರಣ. ಅಂಥವರು ತಮ್ಮ ಕಾರಣ ಸಿಗುವವರೆಗೆ ಕಟ್ಟೆಯ ಮೇಲೆ ಕುಳಿತಿರಬೇಕು, ಸಿಗದಿದ್ದರೆ ಮನೆಗೆ ಹೋಗಿ ಮರುದಿನ ಬರಬೇಕು. ಗದ್ದಲದ ದಿನಗಳಲ್ಲಿ ಮಧ್ಯಾಹ್ನದೊಳಗೆ ಊರಿನ ಕಾರಣಗಳೆಲ್ಲ ಖರ್ಚಾಗಿಬಿಡುತ್ತವೆ. ಅದಕ್ಕೇ ಜಾಣರು ನಸುಕಿನಲ್ಲೇ ಬಂದು ‘ಸರಕಾರ ಅಲ್ಲಾಡ್ತೈತಿ’ ಎಂಬುದನ್ನು ಹಿಡಿದುಕೊಳ್ಳುತ್ತಾರೆ.

ಸೋಮವಾರ ಪೇಟೆಯ ದಿನ. ನನ್ನ ಅಣ್ಣ ಗುರುಲಿಂಗ ಬೆಳಿಗ್ಗೆಯೇ ಮನೆಗೆ ಬಂದ.

"ಏ ಸಂಗವ್ವಾ, ಇನ್ನೂ ಹಿಡಕೊಂಡು ಕುಂತೀ ಏನ? ಮಂದಿ ಎಲ್ಲಾ ಮಾರಾಕತ್ಯಾರ. ಮಾರ್ಚ್ ಬರೂದ್ರಾಗ ನಿನ್ನ ಶೇರು ಸುಟ್ಟ ಹಪ್ಪಳ ಆಗಿರ್ತಾವ ನೋಡ."

ಮನೆಯಲ್ಲಿ ಜೋಳದ ಡಬ್ಬಿ ತಳ ಕಾಣುತ್ತಿತ್ತು. ನಮ್ಮ ಹಿಂದಿರುವ ಆಸರೆಯೆಂದರೆ ಆ ಶೇರುಗಳಷ್ಟೇ. ಈಗ ಮಾರಿದರೆ ಹಳೆಯ ದರದ ಮೂರರಲ್ಲೊಂದು ಪಾಲು ಕೈಗೆ ಬರುತ್ತಿತ್ತು, ಮಾರದಿದ್ದರೆ ಅದೂ ಹೋಗಬಹುದಿತ್ತು. ನಾನು ಊಟದ ಡಬ್ಬಿ ಕಟ್ಟಿಕೊಂಡು ಅಣ್ಣನ ಜೊತೆ ಹೊರಟೆ. ಆ ಡಬ್ಬಿ ನಿಮ್ಮದೇ. ಮಹಾಸಭೆಗೆ ಬಂದ ಶೇರುದಾರರಿಗೆ ಹೋಳಿಗೆ ಊಟ ಹಾಕಿ ಸ್ಟೀಲಿನ ಡಬ್ಬಿ ಕೊಡುತ್ತಿದ್ದರೆಂದು, ಡಬ್ಬಿಯ ಆಸೆಗೇ ನೀವು ಈ ಶೇರು ಕೊಂಡಿರೆಂದು ಮನೆತನದಲ್ಲಿ ಮಾತಿದೆ. ಹೂಡಿಕೆಯ ತತ್ತ್ವಗಳಲ್ಲಿ ಇದಕ್ಕಿಂತ ಕೆಟ್ಟದ್ದನ್ನು ನಾನು ಕೇಳಿಲ್ಲ, ಆದರೆ ಡಬ್ಬಿ ಗಟ್ಟಿಯಾಗಿದೆ.

ಕಟ್ಟೆಯ ಯಜಮಾನಿ ದ್ಯಾಮವ್ವ. ಠೇವಣಿದಾರರೇ ಆರಿಸಿ ಕೂರಿಸಿದ ಹೆಂಗಸು, ಬಾಯಿಯ ಖಾರ ಬ್ಯಾಡಗಿ ಮೆಣಸಿನಕಾಯಿಯದಲ್ಲ, ಗುಂಟೂರಿನದು. ಅಣ್ಣ ಕಟ್ಟೆ ಹತ್ತಿ ಗಂಟಲು ಸರಿಪಡಿಸಿಕೊಂಡ.

"ಸರಕಾರ ಅಲ್ಲಾಡಾಕತ್ತೈತಿ, ಅದಕ್ಕ..."

"ಎಂಜಲಾತು. ಮುಂಜಾನೆನ ಹೇಳಿ ಹೋಗ್ಯಾರ."

"ರೂಪಾಯಿ ಬಿದ್ದೈತಿ."

"ಅದೂ ಎಂಜಲ."

"ಎಲ್ಲಾರೂ ಮಾರಾಕತ್ಯಾರ!"

"ಎಲ್ಲಾರೂ ಅಂದ್ರ ಯಾರಪಾ? ಹೆಸರ ಹೇಳು, ಕರಸ್ತೀನಿ."

ಅಣ್ಣ ತಿರುಗಿ ಹಿಂದೆ ನಿಂತಿದ್ದ ಸಾಲಿನತ್ತ ಕೈ ತೋರಿಸಿದ. ಸಾಲಿನಿಂದ ಒಬ್ಬ ಕೂಗಿದ: "ನಾವು ನಿನ್ನ ನೋಡಿ ಬಂದೇವಪಾ ಗುರಲಿಂಗಣ್ಣಾ! ನೀ ಹೊಂಟಿ ಅಂದ್ರ ಏನೋ ಇರಬೇಕಂತ!"

ಬ್ಯಾಂಕಿಗೆ ಬ್ಯಾಂಕೇ ನಕ್ಕಿತು. ಅಣ್ಣ ನಗಲಿಲ್ಲ. ಸಣ್ಣ ದನಿಯಲ್ಲಿ ಹೇಳಿದ: "ನನಗ ಅಂಜಿಕಿ ಆಗೈತಿ ದ್ಯಾಮವ್ವಾ. ರಾತ್ರಿ ನಿದ್ದಿ ಹತ್ತವಲ್ದು."

ದ್ಯಾಮವ್ವ ಅವನನ್ನೇ ನೋಡಿದಳು. "ಇವತ್ತಿನ್ಯಾಗ ಇದೊಂದ ತಾಜಾ ಕಾರಣ. ನಡಿ, ಹೆಬ್ಬೆಟ್ಟ ಒತ್ತು," ಎಂದಳು. ಅವನ ಶೇರುಗಳು ಮಾರಾಟದ ಹಲಗೆಗೆ ಏರಿದವು.

ಮುಂದಿನ ಪಾಳಿ ನನ್ನದು. ಕಟ್ಟೆ ಹತ್ತಿದೆ. ಸಂಬಳ ನಿಂತಿದೆ ಎಂಬ ಕಾರಣಕ್ಕೆ ಬೆಳಿಗ್ಗೆಯೇ ಇಬ್ಬರು ಮೇಷ್ಟ್ರುಗಳ ಹೆಂಡಂದಿರು ಜಗಳವಾಡಿ, ಗೆದ್ದವಳು ಅದನ್ನು ಹೇಳಿ ಹೋಗಿದ್ದಳು. ಉಳಿದದ್ದು ಅಂಜಿಕೆ, ಅದನ್ನು ಅಣ್ಣ ಕಣ್ಣೆದುರೇ ಖರ್ಚು ಮಾಡಿದ. ಬಿ.ಎ. ಓದಿದ ಹೆಂಗಸಿಗೆ ಒಂದು ಸ್ವಂತ ಕಾರಣ ಸಿಗಲಿಲ್ಲ. ಕುಳಿತೆ.

ಅಜ್ಜಿ, ಕುಳಿತ ಮೇಲೆಯೇ ನನಗೆ ಬ್ಯಾಂಕು ಕಂಡದ್ದು. ಅಲ್ಲಿಯವರೆಗೆ ನಾನು ಶೇರಿನ ದರ ನೋಡಿದ್ದೆ, ಸುದ್ದಿ ನೋಡಿದ್ದೆ, ಅಣ್ಣನ ಮುಖ ನೋಡಿದ್ದೆ. ಕೌಂಟರನ್ನು ನೋಡಿರಲಿಲ್ಲ. ಅಲ್ಲಿ ಜನ ಕಂತು ಕಟ್ಟುತ್ತಿದ್ದರು! ತಿಂಗಳು ಮುಗಿಯದೆ, ಯಾರೂ ಕೇಳದೆ, ಕಾನೂನು ಕಟ್ಟಬೇಕಿಲ್ಲ ಎಂದಿದ್ದರೂ ಕಟ್ಟುತ್ತಿದ್ದರು. ಬೀಜದ ವ್ಯಾಪಾರಿ ಮಾಬೂಬಿ ಕಂತು ಕಟ್ಟಿ ಸೆರಗು ಕೊಡವುತ್ತ ನನ್ನ ಪಕ್ಕಕ್ಕೆ ಬಂದಳು.

"ಏನ ಸಂಗವ್ವಾ, ಮಾರಿ ಸಪ್ಪಗ ಐತಿ. ಮಾರಾಕ ಬಂದೀ ಹೌದಲ್ಲೋ?"

"ಅದಿರಲಿ ಅಕ್ಕಾ, ತಿಂಗಳ ಇನ್ನೂ ಮುಗಿದಿಲ್ಲ. ಕಂತು ಯಾಕ ಕಟ್ಟಾಕತ್ತೀರಿ?"

"ತಿಂಗಳ ಸರಕಾರದ್ದು, ಬೆಳಿ ನಂದು. ಮುಂದಿನ ಬೆಳಿಗೆ ಮತ್ತ ಬೀಜ ತರಬೇಕು, ಮತ್ತ ಇಲ್ಲೇ ಸಾಲ ಕೇಳಬೇಕು. ಈಗ ತಪ್ಪಿಸಿದ್ರ ಆ ಮ್ಯಾನೇಜರ ನನ್ನ ಮಾರಿ ಮರೀತಾನೇನ? ನಮ್ಮಪ್ಪಗ ಚಾಪಿ ಮ್ಯಾಲೆ ಕುಂದ್ರಿಸಿ ಚಾ ಕುಡಿಸಿ ಸಾಲ ಕೊಟ್ಟ ಬ್ಯಾಂಕ ಇದು. ದೊಡ್ಡ ಬ್ಯಾಂಕಿನವರು ನಮ್ಮ ಓಣಿಗೆ ಬರಾಕ ಮೂಗು ಮುಚ್ಚಿಕೊಂತಾರ."

"ಮೆಣಸಿನಕಾಯಿ ಘಾಟಿಗೆ ಮುಚ್ಚಿಕೊಂಡಿರಬೇಕು."

"ಅದೂ ಖರೆ," ಎಂದು ನಕ್ಕು ಹೋದಳು.

ಎಲ್ಲರೂ ಕಟ್ಟಿದರೆಂದು ಹೇಳಿ ನಿಮಗೆ ಮೋಸ ಮಾಡಲಾರೆ. ಬಸ್ಸಿನ ಮಾಲೀಕನೊಬ್ಬ ಅರ್ಧ ಕಟ್ಟಿ ಅರ್ಧಕ್ಕೆ ಗೋಗರೆದ. ಇನ್ನೊಬ್ಬ ಬಾಗಿಲವರೆಗೆ ಬಂದು, ಉದ್ದ ಸಾಲು ನೋಡಿ, ಅದನ್ನೇ ನೆಪ ಮಾಡಿಕೊಂಡು ತಿರುಗಿದ. ಆದರೆ ಬಂದವರು ಹೆಚ್ಚು. ಅವರು ಯಾರೂ ಬ್ಯಾಂಕಿನ ಮೇಲಿನ ಮಮತೆಯಿಂದ ಬಂದಿರಲಿಲ್ಲ. ಮುಂದಿನ ಬೆಳೆಗೆ ಈ ಬಾಗಿಲೇ ಬೇಕು ಎಂಬ ಲೆಕ್ಕದಿಂದ ಬಂದಿದ್ದರು. ಮಮತೆಗಿಂತ ಅದು ಗಟ್ಟಿ. ಸರಕಾರ ಹಿಡಿದಿಟ್ಟ ತಿಂಗಳನ್ನು ಈ ಜನ ತಮ್ಮಷ್ಟಕ್ಕೆ ತಾವೇ ಮುಗಿಸಿಬಿಟ್ಟಿದ್ದರು. ದರ ಬಿದ್ದಿತ್ತು, ಬ್ಯಾಂಕು ಬಿದ್ದಿರಲಿಲ್ಲ. ಎರಡನ್ನೂ ಒಂದೇ ಎಂದುಕೊಂಡು ನಾನು ಅಲ್ಲಿಯವರೆಗೆ ನಡೆದು ಬಂದಿದ್ದೆ.

ಬಾಗಿಲು ಹಾಕುವ ಹೊತ್ತಿಗೆ ದ್ಯಾಮವ್ವ ಕೇಳಿದಳು: "ಏನಾತು, ಸಿಕ್ತೇನ ಕಾರಣ?"

"ಸಿಗಲಿಲ್ಲ."

"ಹಂಗಾರ ನಾಳೆ ಬಾ."

"ಬರ್ತೀನಿ. ಮಾರಾಕಲ್ಲ, ತೊಗೊಳ್ಳಾಕ."

ಈ ಧೈರ್ಯ ಎಲ್ಲ ಕಡೆಗೂ ಸಲ್ಲುವುದಿಲ್ಲ ಎಂಬುದನ್ನೂ ಬರೆಯುತ್ತೇನೆ, ಇಲ್ಲವಾದರೆ ನೀವು ಅಂಗಡಿಯಲ್ಲಿರುವ ಎಲ್ಲ ಬ್ಯಾಂಕಿನ ಶೇರನ್ನೂ ಬುಟ್ಟಿಗೆ ತುಂಬಿಕೊಂಡೀರಿ. ಸ್ಟೇಶನ್ ರಸ್ತೆಯಲ್ಲಿ ಗಾಜಿನ ಕಟ್ಟಡದ ಇನ್ನೊಂದು ಬ್ಯಾಂಕಿದೆ. ಅದರದ್ದೂ ಒಂದಿಷ್ಟು ಶೇರು ನನ್ನಲ್ಲಿದ್ದವು. ಮಂಗಳವಾರ ಅಲ್ಲಿನ ಕಟ್ಟೆಯ ಮೇಲೂ ಕುಳಿತೆ. ಕಾರಂಜಿ ಚಿಮ್ಮುತ್ತಿತ್ತು, ತಣ್ಣನೆಯ ಗಾಳಿ ಬೀಸುತ್ತಿತ್ತು, ಕಂತು ಕಟ್ಟಲು ಒಂದು ನರಪಿಳ್ಳೆಯೂ ಬರಲಿಲ್ಲ. ಸಾಲವೆಲ್ಲ ಎಲ್ಲಿ ಹೋಗಿದೆ ಎಂದರೆ, ಕಟ್ಟಡ ಕಟ್ಟುವ ನಾಲ್ಕು ಕಂಪನಿಗಳಿಗೆ. ಅವು ನಾಲ್ಕೂ ಒಬ್ಬ ಮಂತ್ರಿಯ ಬೀಗರವು. ನಾನು ಎದ್ದು ನಿಂತು, "ಇಲ್ಲಿ ಕಟ್ಟಾಕ ಯಾರೂ ಬರಲಿಲ್ಲ" ಎಂದೆ. ಅಲ್ಲಿನ ಯಜಮಾನ ಎಂಜಲೋ ತಾಜಾವೋ ಎಂದು ಕೇಳಲೇ ಇಲ್ಲ, ತಲೆ ತಗ್ಗಿಸಿ ಕಾಗದ ಮುಂದೆ ತಳ್ಳಿದ. ಬಂದದ್ದು ಪುಡಿಗಾಸು. ಆದರೂ ಮಾರಿದೆ, ಬೇಸರವಿಲ್ಲ.

ಮನೆ ನಡೆಯಬೇಕಲ್ಲ? ನಮ್ಮ ತೇಲುಬಂಡಿಯನ್ನು ಮಾರಿದೆ. ನೆಲದಿಂದ ಗೇಣುದ್ದ ಮೇಲೆ ತೇಲುತ್ತ ಹೋಗುವ ಗಾಡಿ ಅದು, ಯಜಮಾನರು ಶಾಲೆಗೆ ಹೋಗಿಬರುತ್ತಿದ್ದದ್ದು, ಅವರ ಮುದ್ದಿನದು. "ಇನ್ನ ಸಾಲಿಗೆ ನಡಕೊಂತ ಹೋಗಬೇಕೇನ?" ಎಂದರು. "ಹೊಟ್ಟಿ ಕರಗತೈತಿ ಬಿಡ್ರಿ," ಎಂದೆ. ಅರೆಗಳಿಗೆ ಮುಖ ಊದಿಸಿಕೊಂಡು, ಆಮೇಲೆ ತಾವೇ ಚಪ್ಪಲಿಗೆ ಹೊಲಿಗೆ ಹಾಕಿಸಲು ಹೋದರು. ಬಂದ ದುಡ್ಡಿನಲ್ಲಿ ಮಳೆಗಾಲದವರೆಗಿನ ಜೋಳ, ಬೇಳೆ, ಔಷಧಿ ಮೊದಲು ತೆಗೆದಿಟ್ಟೆ. ಮಿಕ್ಕದ್ದರಲ್ಲಿ, ಹಲಗೆಯ ಮೇಲೆ ಗಿರಾಕಿಯಿಲ್ಲದೆ ನೇತಾಡುತ್ತಿದ್ದ ಅಣ್ಣನ ಕೆಂಪುರಾಶಿ ಶೇರುಗಳನ್ನು ಕೊಂಡೆ.

"ನನ್ನ ಅಂಜಿಕಿನೂ ಜೊತಿಗೆ ತೊಗೋತೀಯೇನ?" ಎಂದ ಅಣ್ಣ.

"ಅದನ್ನ ನೀನ ಇಟ್ಕೋ ಅಣ್ಣಾ. ನಾ ಶೇರಿಗೆ ಅಷ್ಟ ರೊಕ್ಕ ಕೊಟ್ಟೇನಿ."

ನಾಳೆ ದರ ಇನ್ನೂ ಇಳಿಯಬಹುದು. ಫೆಬ್ರವರಿ ಐವತ್ತಕ್ಕೂ ಹೋಗಬಹುದು, ನೂರಕ್ಕೂ ಹೋಗಬಹುದು. ನಾನು ತಪ್ಪಿರಲೂಬಹುದು. ಆದರೆ ಜೋಳ ಮನೆಯಲ್ಲಿದೆ, ಇಳಿದ ದಿನವೇ ಮಾರಬೇಕಾದ ದರ್ದು ನನಗಿಲ್ಲ. ಅಷ್ಟನ್ನು ಮಾಡಿಕೊಂಡ ಮೇಲೆ ನಾನು ಕುರ್ಚಿ ಹಾಕಿಕೊಂಡು ಕೂರುವವಳು. ಮಾರ್ಚ್ ಬರುವವರೆಗೆ ಕೂರುತ್ತೇನೆ.

ಈಗ ನಿಮ್ಮ ಕಡೆಗೆ. ಮಾರಬೇಡಿ ಎಂದು ನಾನು ಹೇಳುವುದಿಲ್ಲ. ಬರುವ ಸೋಮವಾರ ಪೇಟೆಯ ದಿನ. ಫೋನನ್ನು ಮನೆಯಲ್ಲಿಟ್ಟು ಬ್ಯಾಂಕಿಗೆ ಹೋಗಿ. ನಿಮ್ಮಲ್ಲಿ ಇನ್ನೂ ಕಟ್ಟೆಯಿಲ್ಲ, ಇದ್ದ ಬೆಂಚಿನ ಮೇಲೆ ಕುಳಿತುಕೊಳ್ಳಿ. ಯಾರು ಸಾಲ ಕೇಳುತ್ತಾರೆ, ಯಾರಿಗೆ ಸಿಗುತ್ತದೆ, ಯಾರು ಕಟ್ಟಲು ಬರುತ್ತಾರೆ, ನೋಡಿ. ಆಮೇಲೆ ಮಾರುವ ಕಾರಣವನ್ನು ನಿಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ. ಅದು ನಿಮ್ಮದೇ ಎನಿಸಿದರೆ ಮಾರಿ, ನಾನು ಸಿಟ್ಟಾಗುವುದಿಲ್ಲ. ಉಳಿಸಿಕೊಂಡರೆ ಅದಕ್ಕೂ ಒಂದು ಸ್ವಂತ ಕಾರಣ ಇರಲಿ. ಮಾರುವವರನ್ನು ಇಷ್ಟೆಲ್ಲ ಕೇಳುವ ನಾವು, ಉಳಿಸಿಕೊಂಡವರನ್ನು ಒಂದು ಮಾತೂ ಕೇಳದೆ ಬಿಟ್ಟಿದ್ದೇವೆ. ಮೊದಲ ಉತ್ತರ ನಿಮ್ಮದಾಗಲಿ. ‘ಡಬ್ಬಿ’ ಎನ್ನುವುದನ್ನು ಮಾತ್ರ ಒಪ್ಪುವುದಿಲ್ಲ.

ಹಾಗೆಂದು ಈ ಸಲದ ಮಹಾಸಭೆಯನ್ನು ತಪ್ಪಿಸಬೇಡಿ. ಡಬ್ಬಿಯ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ಅಲ್ಲೇ ಹಾಕಿ ನೋಡಿ, ಸಡಿಲವಿದ್ದರೆ ಬದಲಿಸಿಕೊಳ್ಳಿ. ನೂರ ನಲವತ್ತು ವರ್ಷದಿಂದ ಸಾರು ಸೋರುತ್ತಿದೆ. ಸೋಮವಾರವೂ ಕಟ್ಟೆಯ ಮೇಲೆ ನನ್ನ ಸೀರೆಗೆ ಚೆಲ್ಲಿತು. ಒರೆಸಿಕೊಂಡು ಅಲ್ಲೇ ಕುಳಿತಿದ್ದೆ.

ಇಂತು ನಿಮ್ಮ,
ಸಂಗವ್ವ

(ಮುಗಿಸುವಷ್ಟರಲ್ಲಿ ಬೆಳಗಾಯಿತು. ಇವತ್ತು ಫೆಬ್ರವರಿ ೪೦.)