ಚಿನ್ನಕ್ಕನ ಹಾಡಿಗೆ ತಿಂಗಳ ಕೋಡ್

ಆಗಸ್ಟ್ ೨೧, ಸಂಜೆ

ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಹಾಡಿನ ಫೈಲಿಗೆ ಬೀಗ ಹಾಕಿದ ಆ ಆ್ಯಪ್‌ನಲ್ಲಿ ‘ಅವಧಿ ಮಿತಿ ಇಲ್ಲ’ ಎಂಬ ಆಯ್ಕೆಯೂ ಇತ್ತು. ಒತ್ತಲಿಲ್ಲ. ‘ಒಂದು ತಿಂಗಳು’ ಒತ್ತಿದೆ.

ಮೊಳಕಾಲ್ಮೂರಿನ ಚಿನ್ನಕ್ಕ ಮಗ್ಗದ ಮುಂದೆ ಹಾಡಿದ್ದು. ನಾನು ರೆಕಾರ್ಡ್ ಮಾಡಿದ್ದು. “ಯೂಟ್ಯೂಬಿಗೆ ಹಾಕ್ಬ್ಯಾಡಮ್ಮ” ಎಂದಿದ್ದಳು. ಅವಳು ತೀರಿಕೊಂಡ ಮೇಲೆ ಮಗಳು ನಿರ್ಮಲಾ ಕೇಳಿದಾಗ ಬೀಗ ಹಾಕಿ ಕಳಿಸಿದೆ. ಕಾಪಿ ಆಗದು. ತಿಂಗಳಿಗೊಮ್ಮೆ ಹೊಸ ಕೋಡ್ ಬೇಕು — ಅದು ಬರುವುದು ನನ್ನ ಫೋನಿಗೆ.

ಇವತ್ತೂ ಕರೆ ಬಂತು. “ಮತ್ತೆ ಬೀಗ ಬಿದ್ದೈತೆ ಮೇಡಂ! ನಮ್ಮವ್ವ ಬದುಕಿದ್ದಾಗ್ಲೂ ಇಷ್ಟು ಬಿಗುಮಾನ ಮಾಡ್ತಿರ್ಲಿಲ್ಲ.”

ಕೋಡ್ ಹೇಳಲು ಎಷ್ಟು ಹೊತ್ತು? ಆದರೂ ಅನ್ನ ತಣ್ಣಗಾಗುವವರೆಗೆ ಮಾತಾಡಿದೆವು. ಈ ವಾರ ಈ ಮನೆಯಲ್ಲಿ ನನ್ನ ದನಿ ಕೇಳಿದ್ದು ಆಗ ಮಾತ್ರ.

ಸೆಪ್ಟೆಂಬರ್ ೨

ನಿರ್ಮಲಾಳ ವಾಯ್ಸ್ ಮೆಸೇಜ್. “ಅವ್ವನ ದನಿ ಡಬ್ಬದಾಗಿಂದ ಬಂದಂಗೈತೆ. ಮಗ್ಗದ ಸದ್ದು ಮೊರದಾಗೆ ಕಾಳು ಕೇರಿದಂಗೆ. ನಮ್ ಫೋನೇ ಕೆಟ್ಟೈತಾ?”

ಕೆಟ್ಟಿಲ್ಲ. ಫೈಲ್ ಸಣ್ಣದಾಗಲೆಂದು ದನಿಯ ವಿವರ ಹಿಡಿಯುವ ಬಿಟ್‌ರೇಟ್ ತೀರಾ ಇಳಿಸಿದ್ದೆ. ಕಿವಿಗೆ ಬೇಡವೆಂದು ಸಾಫ್ಟ್‌ವೇರ್ ಬಿಸಾಡಿದ್ದು ಮರಳಿ ಬರುವುದಿಲ್ಲ, ಮತ್ತೆ ಏರಿಸಿದರೂ. ಮೂಲ ಫೈಲ್ ನನ್ನ ಲ್ಯಾಪ್‌ಟಾಪಿನಲ್ಲಿದೆ. ಪ್ರತಿ ಸಾಲಿಗೂ ಮೊದಲು ಚಿನ್ನಕ್ಕ ಉಸಿರೆಳೆದುಕೊಳ್ಳುವುದೂ ಅದರಲ್ಲಿ ಕೇಳುತ್ತದೆ. ನಾನೊಬ್ಬಳೇ ಕೇಳುತ್ತೇನೆ.

‘ಸ್ಪೀಕರ್ ಕೆಟ್ಟಿರಬಹುದು’ ಎಂದು ಉತ್ತರಿಸಿದೆ.

ಸೆಪ್ಟೆಂಬರ್ ೨೧, ಮಹಾಲಯ ಅಮಾವಾಸ್ಯೆ

ಭಾನುವಾರವೂ ಕುದಾಪುರದ ರಕ್ಷಣಾ ಸಂಶೋಧನಾ ಕ್ಯಾಂಪಸ್‌ನಲ್ಲಿ ಡ್ಯೂಟಿ. ಫೋನ್ ಗೇಟಿನಲ್ಲೇ ಕೊಡಬೇಕು. ಸಂಜೆ ನೋಡಿದರೆ ನಿರ್ಮಲಾಳ ಮಿಸ್ಡ್ ಕಾಲ್‌ಗಳು. ಜೊತೆಗೊಂದು ಮೆಸೇಜ್: ಹಿರಿಯರಿಗೆ ಎಡೆ ಇಟ್ಟು, ಅವ್ವನ ಹಾಡು ಹಾಕಹೋದರೆ — ಅವಧಿ ಮುಗಿದಿತ್ತು.

ಬಸ್ಸಿನಿಂದಲೇ ಕರೆ ಮಾಡಿದೆ.

“ಬಿಡ್ರಿ ಮೇಡಂ, ನಾವೇ ಹಾಡಿದ್ವಿ. ನಮ್ಮಣ್ಣ ಈರೇಶ ನಡುವೆ ಮರ್ತು ಏನೇನೋ ಸೇರ್ಸಿದ. ಎಡೆ ಮುಂದೇನೇ ನಕ್ಕಿದ್ದೇ ನಕ್ಕಿದ್ದು!”

“ಕೋಡ್ ಹೇಳಲಾ?”

“ಈಗ್ಯಾಕ್ರಿ… ಎಲ್ರೂ ಉಣ್ಣಾಕೆ ಕುಂತವ್ರೆ.”

ಸೆಪ್ಟೆಂಬರ್ ೨೬

ಕರೆ ಇಲ್ಲ. ಕೋಡ್ ಕೇಳಿಲ್ಲ. ಕಾಯುತ್ತಿದ್ದೇನೆಯೇ? ಹೌದು.

ಚಿನ್ನಕ್ಕನ ಮಾತು ಕಾಪಾಡುತ್ತಿದ್ದೇನೆ ಎಂದು ನಂಬಿದ್ದೆ. ಅವಳ ಹಾಡು ಅವಳ ಮನೆಯಲ್ಲೇ, ಅವಳಿಗೆ ಎಡೆ ಇಟ್ಟ ದಿನ, ಬಾಯಿ ಮುಚ್ಚಿ ಕೂತಿತ್ತು.

ಪೆನ್‌ಡ್ರೈವ್‌ಗೆ ಮೂಲ ಫೈಲ್ ಹಾಕಿದೆ. ಬೀಗವಿಲ್ಲ. ಚೀಟಿ ಬರೆದೆ — ಸ್ಪೀಕರಿನ ತಪ್ಪಲ್ಲ, ನನ್ನದು. ಇನ್ನು ಕೋಡ್ ಬೇಡ. ಎಷ್ಟು ಕಾಪಿ ಬೇಕಾದರೂ ಮಾಡಿಕೋ. ‘ಆಗಾಗ ಫೋನ್ ಮಾಡು’ ಎಂದೂ ಬರೆದೆ. ಹೊಡೆದುಹಾಕಿದೆ. ಹೊಡೆದದ್ದು ಕಾಣಬಾರದೆಂದು ಬೇರೆ ಹಾಳೆ ತೆಗೆದುಕೊಂಡೆ.

ನಾಳೆ ಶನಿವಾರ, ಅಂಚೆ ಕಚೇರಿ ತೆರೆದೇ ಇರುತ್ತದೆ. ಆದರೆ ಭಾನುವಾರ ಅವಳಿಗೆ ಬಿಡುವು, ಒಂದು ವೇಳೆ ಕೋಡ್ ಕೇಳಲು ಕರೆ ಮಾಡಿದರೆ… ನಾಳೆ ಬೇಡ. ಸೋಮವಾರ ಪೋಸ್ಟ್ ಮಾಡುತ್ತೇನೆ.