ಕ್ಲಚ್ ಒತ್ತಿದರೂ ನಿಲ್ಲದ ಟ್ರ್ಯಾಕ್ಟರ್

ಮನೆ,
ಒಂಬತ್ತನೇ ತಾರೀಕು, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೊಯ್ಲಿನ ಮಷೀನ್ ಮೇಲೆ ಕೂತು ಕೂತು ಬಂದಿದ್ದ ಸೊಂಟನೋವು ಕಡಿಮೆಯಾಯ್ತಾ? ಹೊತ್ತು ಹೊತ್ತಿಗೆ ಉಣ್ಣು. ತಟ್ಟೆ ತೊಳೆಯೋ ಸೋಮಾರಿತನಕ್ಕೆ ಊಟ ಬಿಡುವವನು ನೀನು.

ಗಾಬರಿಯಾಗಬೇಡ, ಅಮ್ಮ ಚೆನ್ನಾಗಿದ್ದಾಳೆ. ಕಾಲಿನ ಮೂಳೆ ಮುರಿದಿದೆ, ಅಷ್ಟೇ. ಗುರುವಾರ ಅಪ್ಪ ನಮ್ಮ ಹಳೇ ಟ್ರ್ಯಾಕ್ಟರ್‌ಗೆ ಮಣ್ಣು ಪುಡಿ ಮಾಡೋ ರೋಟವೇಟರ್ ಹಾಕಿಕೊಂಡು ಕೆಳಗಿನ ಹೊಲ ಹೊಡೆಯುತ್ತಿದ್ದರು. ಅಮ್ಮ ನೀರಿನ ತಂಬಿಗೆ ಹಿಡಿದು ಎದುರಿನ ಬದುವಿನ ಮೇಲೆ ನಿಂತಿದ್ದಳು. ಅವಳನ್ನು ನೋಡಿ ಅಪ್ಪ ರೋಟವೇಟರ್ ಮೇಲೆತ್ತಿ ಕ್ಲಚ್ ಒತ್ತಿದರು. ಬ್ಲೇಡುಗಳು ಗರಗರ ತಿರುಗುತ್ತಲೇ ಇದ್ದವು. ಗಾಡಿ ನಿಲ್ಲಲಿಲ್ಲ. ಯಾರೋ ಹಿಂದಿನಿಂದ ತಳ್ಳಿದ ಹಾಗೆ ಮುಂದಕ್ಕೇ ನುಗ್ಗಿತು. "ಪಕ್ಕಕ್ಕೆ ಸರಿಯೇ, ಸರಿ!" ಅಂತ ಅಪ್ಪ ಕೂಗಿದ್ದು ಹಿತ್ತಲಲ್ಲಿದ್ದ ನನಗೂ ಕೇಳಿಸಿತು. ಅಮ್ಮ ಬದುವಿನಾಚೆಯ ಒಣ ಕಾಲುವೆಗೆ ಹಾರಿಬಿಟ್ಟಳು, ಬಿದ್ದ ರಭಸಕ್ಕೆ ಕಾಲು ಮುರಿಯಿತು. ನಾನು ಓಡಿ ಹೋದಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ಕಾಲುವೆಯ ಅಂಚಿನಲ್ಲಿ, ಅವಳ ನೆತ್ತಿಗೆ ನೇರವಾಗಿ ಬಂದು ನಿಂತಿತ್ತು.

ಮೆಕ್ಯಾನಿಕ್ ಬಂದು ನೋಡಿದ. ಇಂಥ ಹಳೇ ಗಾಡಿಗಳ ಗುಣವೇ ಹೀಗಂತೆ. ಕ್ಲಚ್ ಒತ್ತಿದರೆ ಇಂಜಿನ್ ಏನೋ ಬಿಟ್ಟುಕೊಡುತ್ತೆ, ಆದರೆ ತಿರುಗುವ ರೋಟವೇಟರ್ ತನ್ನ ರಭಸಕ್ಕೇ ಶಾಫ್ಟನ್ನೂ ಗೇರನ್ನೂ ತಿರುಗಿಸಿ ಚಕ್ರ ಓಡಿಸುತ್ತಂತೆ. ನಡುವೆ ಒಂದೇ ದಿಕ್ಕಿಗೆ ಹಿಡಿಯುವ ಕಪ್ಲಿಂಗ್ ಹಾಕಿದರೆ ಈ ತಳ್ಳಾಟ ಇರೋದಿಲ್ಲ. "ಅಲ್ಲೀತನಕ ಕ್ಲಚ್ ನಂಬಬೇಡಿ ಯಜಮಾನ್ರೇ, ಗಾಡಿ ಮುಂದೆ ಯಾರನ್ನೂ ನಿಲ್ಲಿಸಬೇಡಿ" ಅಂದ.

ಅಪ್ಪ ನಂಬುತ್ತಿಲ್ಲ. "ನನ್ನ ಕಾಲಲ್ಲೇ ಕಸುವಿಲ್ಲ. ನನ್ನ ಸಮಾಧಾನಕ್ಕೆ ಎಲ್ಲರೂ ಸೇರಿ ಕಥೆ ಕಟ್ಟುತ್ತಿದ್ದೀರಿ" ಅಂತಾರೆ. ಅಮ್ಮನ ಮಂಚದ ಹತ್ತಿರ ಬರುವುದಿಲ್ಲ, ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಾರೆ. "ಕಾಲು ಮುರಿದಿದ್ದು ನನ್ನದು, ಕುಂಟುತ್ತಿರೋದು ಅವರು" ಅಂದಳು ಅಮ್ಮ ನಿನ್ನೆ. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರಿಗೂ ಅಳು ಬಂತು.

ಕಪ್ಲಿಂಗ್ ತರಿಸಲು ಹೇಳಿದ್ದೇನೆ. ನೀನೂ ಅಲ್ಲಿ ಮೈಯೆಲ್ಲ ಕಣ್ಣಾಗಿರು. ಅಮ್ಮ ನಿನ್ನ ತಲೆ ಸವರಿದ್ದಾಳೆ ಅಂದುಕೋ.

ನಿನ್ನ ಅಕ್ಕ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಅಮ್ಮ ಬಾಯಿಬಿಟ್ಟಳು. ಹೋದ ವರ್ಷ ನೀನು ಕ್ಲಚ್ ಒತ್ತಿದರೂ ಇದೇ ಗಾಡಿ ನಿನ್ನನ್ನೂ ಹೀಗೇ ಎಳೆದುಕೊಂಡು ಹೋಗಿ ಬೇಲಿಗೆ ನುಗ್ಗಿಸಿತ್ತಂತೆ. ಅಪ್ಪನಿಗೆ ಹೇಳಬೇಡ ಅಂದಿದ್ದೆಯಂತೆ. ನಿಮ್ಮಿಬ್ಬರ ಮೇಲೂ ನನಗೆ ಕೆಂಡದಂಥ ಸಿಟ್ಟಿದೆ, ಅದನ್ನು ಆಮೇಲೆ ನೋಡಿಕೊಳ್ಳೋಣ. ಈಗ ನೀನೇ ಅಪ್ಪನಿಗೆ ಬರೆ, ಇವತ್ತೇ ಬರೆ. ನಿನ್ನ ಕಾಲಿಗೇನೂ ವಯಸ್ಸಾಗಿರಲಿಲ್ಲವಲ್ಲ.