ಹುಣಸೆ ಕಟ್ಟಿಗೆಯ ಹೊಗೆ

ಜನವರಿ ೧೨, ಭಾನುವಾರ

ಇಂದು ಬೆಳಿಗ್ಗೆ ಹನ್ನೊಂದಕ್ಕೆ ಹೈಸ್ಕೂಲಿನ ಶತಮಾನೋತ್ಸವ ಸಮಿತಿ ನನ್ನ ಅಮ್ಮಿಯ ಪುಟವನ್ನು ಕಿತ್ತುಹಾಕಿತು. ಸ್ಮರಣ ಸಂಚಿಕೆಗೆ ಸವಣೂರಿನ ಅಡುಗೆಮನೆಗಳ ಬಗ್ಗೆ ಬರೆದುಕೊಟ್ಟಿದ್ದೆ. ಕುರುಕಲು ಖಾರಾ ಉಳಿಯಿತು. ಹೋಳಿಗೆ ಉಳಿಯಿತು. ದಿನವಿಡೀ ಹುಣಸೆ ಹೊಗೆಯಲ್ಲಿ ಅಮ್ಮಿ ಬೇಯಿಸುತ್ತಿದ್ದ ಎಮ್ಮೆಯ ಎದೆಮಾಂಸ ಮಾತ್ರ ಹೋಯಿತು.

ಸಂಪಾದಕ ಶ್ರೀನಿವಾಸ, ವಕೀಲ, ನನ್ನದೇ ಬ್ಯಾಚು. ಕನ್ನಡಕ ಒರೆಸುತ್ತ ಹೇಳಿದ:

"ಇಂಥಾದ್ದು ಊರಾಗ ಇತ್ತು ಅಂತ ಇಲ್ಲೆ ಯಾರಿಗೂ ನೆನಪಿಲ್ರಿ, ಫರ್ಜಾನಾ ಮೇಡಂ. ನೆನಪಿಲ್ಲದ್ದು ಅಚ್ಚು ಹಾಕಲಿಕ್ಕೆ ಬರೂದಿಲ್ಲ."

ಉಳಿದವರು ಮುಂದಿನ ಪುಟ ತಿರುಗಿಸಿದರು. ಮೂವತ್ತೊಂದು ವರ್ಷ ಲೈಬ್ರರಿ ನಡೆಸಿದವಳು ನಾನು, ನೆನಪಿಡುವುದೇ ಕೆಲಸ. ೧೯೭೩ರ ಶಾಲಾ ಗ್ಯಾದರಿಂಗಿನಲ್ಲಿ ನಾಟಕದ ಮಾತು ಮರೆತು ಪರದೆಯ ಹಿಂದೆ ಓಡಿದವನೂ ಇದೇ ಶ್ರೀನಿವಾಸ.

ಮಾಡಿ ತೋರಿಸುತ್ತೇನೆ ಅಂದೆ. ಜೀವಮಾನದಲ್ಲಿ ಮಾಡಿದವಳಲ್ಲ. ಫೆಬ್ರವರಿ ೯ಕ್ಕೆ ಕೊನೆಯ ಸಭೆ, ಆಮೇಲೆ ಅಚ್ಚಿಗೆ.

ಜನವರಿ ೧೮

ಶಿಗ್ಗಾಂವದ ಗುಜರಿಯಿಂದ ಅಡುಗೆ ಎಣ್ಣೆಯ ಹಳೆ ಡ್ರಮ್ಮು ತಂದೆ. ತಳದಲ್ಲಿ ಬೆಂಕಿ, ಮೇಲೆ ಜಾಲರಿ. ಮಾಂಸದಂಗಡಿಯ ಫಾರೂಕ ನಕ್ಕ.

"ಆಪಾ, ಕಾಯ್ದೆ ಪ್ರಕಾರ ಹದಿಮೂರು ವರ್ಷ ದಾಟಿದ ಎಮ್ಮೀನ ಸಿಗೂದು. ನನ್ನ ಚಪ್ಪಲಿಗಿಂತ ಗಟ್ಟಿ ಐತಿ. ಕುಕ್ಕರಿಗೆ ಹಾಕ್ರಿ, ಹತ್ತು ಸೀಟಿ."

"ಕುಕ್ಕರ್ ಬ್ಯಾಡ. ಹೊಗಿ."

"ಹಂಗಾರ ಮೊದಲ ಹಲ್ಲಿನ ಡಾಕ್ಟರನ್ನ ನೋಡಿ ಬರ್ರಿ."

ಜನವರಿ ೧೯

ಹಾಳಾಯಿತು. ಬಿರಿಯಾನಿ ದಮ್ಮಿನ ಅಭ್ಯಾಸ ಕೈ ಬಿಡಲಿಲ್ಲ... ಡ್ರಮ್ಮಿನ ಮುಚ್ಚಳದ ಸುತ್ತ ಗೋಧಿ ಹಿಟ್ಟು ಮೆತ್ತಿ ಭದ್ರ ಮಾಡಿಬಿಟ್ಟೆ. ಗಾಳಿಯಿಲ್ಲದೆ ಬೆಂಕಿ ಸತ್ತಿತು. ಕಪ್ಪು ಹೊಗೆ ಒಳಗೇ ಸುತ್ತಿತು. ಮಾಂಸಕ್ಕೆಲ್ಲ ಮಸಿ. ಸಂಜೆಯವರೆಗೂ ನಾಲಗೆ ಕಹಿ.

ಫೆಬ್ರವರಿ ೨, ಭಾನುವಾರ. ಬೆಳಿಗ್ಗೆ ೬

ಮತ್ತೆ. ಉಪ್ಪು, ಮೆಣಸು ಸವರಿ ನಿನ್ನೆಯೇ ಇಟ್ಟದ್ದು. ಡ್ರಮ್ಮಿನ ತಳದಲ್ಲಿ ತೂತು ಕೊರೆಸಿದ್ದೇನೆ. ಮುಚ್ಚಳ ಒಂದು ಬೆರಳು ಓರೆ. ಈಗ ತೆಳ್ಳನೆಯ ನೀಲಿ ಹೊಗೆ.

ಮಧ್ಯಾಹ್ನ ೨

ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರು ಹನ್ನೊಂದು ಗಂಟೆಯಿಂದ ಎಪ್ಪತ್ತು ಡಿಗ್ರಿಯಲ್ಲೇ ನಿಂತಿದೆ. ಗಟ್ಟಿ ಮಾಂಸ ಈ ಹಂತದಲ್ಲಿ ಬೆವರುತ್ತದೆ, ಆ ಬೆವರೇ ಅದನ್ನು ತಣಿಸುತ್ತದೆ, ಗಾಬರಿಯಿಂದ ಬೆಂಕಿ ಹೆಚ್ಚಿಸಬಾರದು ಎಂದು ಓದಿದ್ದೇನೆ.

ಹೊಗೆಯಲ್ಲಿ ಹಿತ್ತಿಲು ನೀರಿನ ತಳದಂತಿದೆ. ಪೇರಲ ಗಿಡ, ಬಟ್ಟೆಯ ತಂತಿ, ನನ್ನದೇ ಕೈ... ಯಾವುದಕ್ಕೂ ಅಂಚಿಲ್ಲ. ಅಮ್ಮಿ ಗಡಿಯಾರ ನೋಡುತ್ತಿರಲಿಲ್ಲ. ಒಲೆಯ ಪಕ್ಕ ಕೂರಿಸಿ ಭೂಗೋಳ ಜೋರಾಗಿ ಓದಿಸುತ್ತಿದ್ದಳು. ಒಂದು ಪಾಠಕ್ಕೆ ಒಂದು ಕಟ್ಟಿಗೆ. ನೈಲ್ ನದಿ ಸಮುದ್ರ ಸೇರಿದರೆ ಇನ್ನೊಂದು. ನನಗೆ ಅಕ್ಷರ ಹತ್ತಿದ್ದು ಆ ಹೊಗೆಯಲ್ಲಿ. ಅಮ್ಮಿಗೆ ಓದು ಬರುತ್ತಿರಲಿಲ್ಲ.

ನಾನೂ ಈಗ ಜೋರಾಗಿ ಓದುತ್ತಿದ್ದೇನೆ. ಡ್ರಮ್ಮಿಗೆ.

ಸಂಜೆ ೬

ಶ್ರೀನಿವಾಸ ಬಂದು ಹೋದ. ಕರೆದವಳು ನಾನೇ. ಕರವಸ್ತ್ರ ಮೂಗಿಗೆ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತ.

"ತಿನ್ನು ಅನ್ನಂಗಿಲ್ಲ," ಅಂದೆ. "ನೋಡಿದ್ರ ಸಾಕು."

ಕರವಸ್ತ್ರ ಮೆಲ್ಲಗೆ ಕೆಳಗಿಳಿಯಿತು.

"ಫರ್ಜಾನಾ, ಇದು ನಿಮ್ಮ ಓಣಿ ವಾಸನಿ. ಸಾಲಿಗೆ ಹೋಗೂ ಮುಂದ ಇಲ್ಲೆ ಉಸರು ಹಿಡದು ಓಡತಿದ್ದೆ. ಮೂಲಿ ತಿರುಗಿದ ಮ್ಯಾಲೆ ಬಿಡತಿದ್ದೆ."

"ಅಂದ್ರ ನೆನಪೈತಿ ನಿನಗ."

"ನೆನಪದ. ಆದ್ರ ಸಭಾದಾಗ ನನ್ನ ಹೆಸರು ತರಬ್ಯಾಡ."

"ಯಾಕ?"

"ಯಾಕಂತ ನಿನಗೂ ಗೊತ್ತದ."

ಹೋದ ಮೇಲೆ ಫಾರೂಕನನ್ನು ಕರೆದು ಬಡಿಸಿದೆ. ಚಾಕು ಬೇಕಾಗಲಿಲ್ಲ, ಬೆರಳಿಗೇ ಹರಿಯಿತು. ಎರಡು ಸಲ ಹಾಕಿಸಿಕೊಂಡ. ನಾನು ನನ್ನ ಪಾಲು ಮುಚ್ಚಿಟ್ಟೆ.

ಫೆಬ್ರವರಿ ೮, ಶನಿವಾರ

ನಾಳೆ ಸಭೆ. ಶ್ರೀನಿವಾಸ ಫೋನ್ ಎತ್ತುತ್ತಿಲ್ಲ.

ಮಾಂಸ ಒಯ್ಯುವುದಿಲ್ಲ. ತಿನ್ನದವರ ಮುಂದೆ ತಟ್ಟೆ ಇಟ್ಟು ಏನು ಸಾಧಿಸಲಿ? ಒಂದು ಪ್ರಶ್ನೆ ಒಯ್ಯುತ್ತೇನೆ. ಎದ್ದು ನಿಂತು, ರೀ ಗೀ ಇಲ್ಲದೆ, ಶಾಲೆಯಲ್ಲಿ ಕೇಳುತ್ತಿದ್ದ ಹಾಗೆ ಕೇಳುತ್ತೇನೆ: ಶ್ರೀನಿವಾಸ, ನಮ್ಮ ಓಣಿಯಲ್ಲಿ ದಿನಾ ಉಸಿರು ಹಿಡಿದು ಓಡಿದ್ದು ಯಾವುದಕ್ಕೆ ಅಂಜಿ? ಊರಿನಲ್ಲಿ ಇರದಿದ್ದ ಅಡುಗೆಗಾ? ಇವರೆಲ್ಲರ ಎದುರು ಹೇಳು. ನಡಾವಳಿಯಲ್ಲಿ ಬರೆಯಲಿ. ಹೌದು, ಇಲ್ಲ, ಎರಡರಲ್ಲಿ ಒಂದು. ನೀನು ಬಾಯಿ ಬಿಡುವ ತನಕ ನಾನು ಕೂರುವುದಿಲ್ಲ.